ಗೋಪಮ್ಮನ ಬಯಾನು

ಹಂಪಣ್ಣ ಮತ್ತು ಮೌಲಾಲಿ ಎತ್ತುಗಳಿಗೆ ಲಾಳ ಕಟ್ಟುವ ಜೋಡಿ. ಎತ್ತಿನ ಕಾಲಿಗೆ ಹಗ್ಗ ಸುತ್ತಿ ಒಂದೇ ಎಳೆತಕ್ಕೆ ನೆಲಕ್ಕೆ ಮಲಗಿಸುವುದು ಹಂಪಣ್ಣನ ಕೆಲಸ; ಮಲಗಿದ ಎತ್ತಿನ ಗೊರಸು ಕೆತ್ತಿ ಮೊಳೆ ಜಡಿಯುವುದು ಮೌಲಾಲಿಯದು. ದೇವದುರ್ಗ ತಾಲೂಕಿನ ಹೊಳೆಸಾಲಿನ ಹಳ್ಳಿಗಳಲ್ಲಿ ಒಬ್ಬನ ಹೆಸರು ಹೇಳಿದರೆ ಇನ್ನೊಬ್ಬನದು ತಾನಾಗಿ ಬರುತ್ತಿತ್ತು. ಇಬ್ಬರ ಮನೆಗಳ ನಡುವೆ ಒಂದೇ ಮಣ್ಣಿನ ಗೋಡೆ. ಬೆಳಿಗ್ಗೆ ಒಲೆಗೆ ಕೆಂಡ ಬೇಕಾದರೆ ಹಂಪಣ್ಣನ ಹೆಂಡತಿ ಗೋಪಮ್ಮ ಆ ಗೋಡೆಯ ಮೇಲಿಂದಲೇ ಕೂಗುತ್ತಿದ್ದಳು. ಮೌಲಾಲಿಯ ಹೆಂಡತಿ ನೂರ್ ಬೀ ಒಡೆದ ಗಡಿಗೆಯ ಚೂರಿನಲ್ಲಿ ಎರಡು ಕೆಂಡ ಇಟ್ಟು ಕೈ ಚಾಚುತ್ತಿದ್ದಳು.

ಸಾವಿರದ ಒಂಬೈನೂರ ನಲವತ್ತೆಂಟರ ಶ್ರಾವಣದಲ್ಲಿ ಕೃಷ್ಣೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಆಚೆ ದಂಡೆಯ ಸಂತೆಯಲ್ಲಿ ಹತ್ತು ಹನ್ನೆರಡು ಎತ್ತುಗಳಿಗೆ ಲಾಳ ಕಟ್ಟಿ ಇಬ್ಬರೂ ಹರಗೋಲಿನಲ್ಲಿ ಮರಳುತ್ತಿದ್ದರು. ಗೋಪಮ್ಮ ಅವತ್ತು ಈಚೆ ದಂಡೆಯ ಹೊಲದಲ್ಲಿ ಕಳೆ ಕೀಳಲು ಬಂದಿದ್ದಳು. ಹೊತ್ತು ಇಳಿಯುವ ಮುಂಚೆ ಮೂವರೂ ಕೂಡಿ ಊರಿಗೆ ನಡೆಯುವುದೆಂದು ಮಾತಾಗಿತ್ತು. ಆಕೆ ಸೊಂಟ ನೆಟ್ಟಗೆ ಮಾಡಿ ಹೊಳೆಯ ಕಡೆ ನೋಡಿದಾಗ ಹರಗೋಲು ನಡುನೀರು ದಾಟಿತ್ತು. ಗಂಡನ ತಲೆಯ ಬಿಳಿ ರುಮಾಲು ಕಾಣಿಸುತ್ತಿತ್ತು. ಆಮೇಲೆ ಎಲ್ಲಿಂದಲೋ ತೇಲಿ ಬಂದ ಜಾಲಿ ಮರದ ಬುಡ ಹರಗೋಲಿಗೆ ಬಡಿಯಿತು. ಅದು ಬುಟ್ಟಿ ಮಗುಚಿದ ಹಾಗೆ ಮಗುಚಿತು.

ಎಲ್ಲವನ್ನೂ ಆಕೆ ಕಣ್ಣಾರೆ ಕಂಡಳು. ಅಂಬಿಗ ಹಿಂದೆ ನೋಡದೆ ಈಜಿದ. ಮೌಲಾಲಿ ಒಂದು ಕೈಯಲ್ಲಿ ಹರಗೋಲಿನ ಅಂಚು ಹಿಡಿದು ಇನ್ನೊಂದು ಕೈಯಲ್ಲಿ ಹಂಪಣ್ಣನ ಕೈ ಹಿಡಿದಿದ್ದ. ಲಾಳ, ಮೊಳೆ, ಸುತ್ತಿಗೆಗಳ ಚೀಲ ಹಂಪಣ್ಣನ ಹೆಗಲಿಗೆ ಕಟ್ಟಿತ್ತು. ಹೊಳೆ ಇಬ್ಬರನ್ನೂ ಒಂದು ಮಾರು, ಎರಡು ಮಾರು, ಹತ್ತು ಮಾರು ಎಳೆದುಕೊಂಡು ಹೋಯಿತು. ಗೋಪಮ್ಮ ದಂಡೆಯ ಕೆಸರಿನಲ್ಲಿ ಬೀಳುತ್ತ ಏಳುತ್ತ ಅವರ ಜೊತೆಗೇ ಓಡಿದಳು. ಒಂದು ಗಳಿಗೆಯಲ್ಲಿ ಎರಡು ತಲೆಗಳಿದ್ದವು. ಮರುಗಳಿಗೆಯಲ್ಲಿ ಒಂದೇ ಇತ್ತು.

ಮೌಲಾಲಿಯನ್ನು ದಂಡೆಗೆ ಎಳೆದು ಹಾಕಿದಾಗ ಅವನು ನೀರು ಕಾರುತ್ತಿದ್ದ. ಗೋಪಮ್ಮ ಅವನ ಎದೆಯ ಮೇಲೆ ಬಿದ್ದು ಅಂಗಿಯ ಕೊರಳಪಟ್ಟಿ ಹಿಡಿದು ಜಗ್ಗಿದಳು, ಎರಡೂ ಮುಷ್ಟಿಯಿಂದ ಗುದ್ದಿದಳು.

"ಕೈ ಬಿಟ್ಟೆಲ್ಲೋ! ಅವನ್ನ ನೀರಾಗ ಬಿಟ್ಟು ನೀ ಯಾಕ ಬಂದ್ಯೋ! ನೀನಽ ಕೊಂದಿ, ನನ್ನ ಗಂಡನ್ನ ನೀನಽ ಕೊಂದಿ!"

ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಣ್ಣುಮಕ್ಕಳು, ಕಡವಿನಲ್ಲಿ ಕಾದಿದ್ದ ಐದಾರು ಗಂಡಸರು, ಎಲ್ಲರೂ ಕೇಳಿದರು. ಯಾರೂ ಆಕೆಯನ್ನು ತಡೆಯಲಿಲ್ಲ. ಮೌಲಾಲಿಯೂ ಗುದ್ದು ತಪ್ಪಿಸಿಕೊಳ್ಳಲಿಲ್ಲ. ಮೂರನೆಯ ದಿನ ಹೆಣ ಕೆಳದಂಡೆಯಲ್ಲಿ ಸಿಕ್ಕಿತು. ಮನೆಯ ಮುಂದೆ ಮಲಗಿಸಿದಾಗ ಗೋಪಮ್ಮ ಹಾಡಿಕೊಂಡು ಅತ್ತಳು. ಹೊಳೆಯನ್ನು ಬೈದಳು. ಹರಗೋಲು ಹೆಣೆದವನನ್ನು ಬೈದಳು. ಮೌಲಾಲಿಯ ಕೈಗೆ ಹುಳ ಬೀಳಲಿ ಅಂದಳು. ನನಗೆ ಹೇಳದೆ ಹೋದ್ಯಲ್ಲೋ ದ್ರೋಹಿ ಎಂದು ಸತ್ತ ಗಂಡನನ್ನೇ ಹೆಚ್ಚು ಬೈದಳು. ಆಕೆ ಹಾಗೆ ಅಳುವಾಗ ಬಿದ್ದುಹೋಗದಂತೆ ಹಿಂದಿನಿಂದ ತಬ್ಬಿ ಹಿಡಿದಿದ್ದವಳು ನೂರ್ ಬೀ. ತನ್ನ ಗಂಡನ ಕೈಗೆ ಹುಳ ಬೀಳಲಿ ಅನ್ನುವ ಮಾತಿಗೂ ಅವಳ ಹಿಡಿತ ಸಡಿಲಾಗಲಿಲ್ಲ. ಹೆಣದ ಮುಂದಿನ ಮಾತು ಎಂಥದೆಂದು ಊರಿಗೆಲ್ಲ ಗೊತ್ತಿತ್ತು.

ಹದಿನೈದು ದಿನಗಳಾದ ಮೇಲೆ ಗೋಪಮ್ಮ ಒಮ್ಮೆ ಗೋಡೆಯ ಹತ್ತಿರ ನಿಂತು ಮೌಲಾಲಿಯನ್ನು ಮೆಲ್ಲಗೆ ಕೇಳಿದಳು. "ಖರೇ ಹೇಳು. ಕೈ ಬಿಟ್ಟೇನು?"

ಮೌಲಾಲಿ ತನ್ನ ಅಂಗೈ ನೋಡಿಕೊಂಡ. "ಖುದಾನ ಆಣಿ, ನನಗ ಗೊತ್ತಿಲ್ಲ ತಂಗೀ. ಬಿಟ್ಟೆನೋ, ಜಾರಿತೋ. ಕೈ ಸತ್ತುಹೋಗಿತ್ತು. ದಿನಾ ಅದನ್ನಽ ಕೇಳಿಕೊಳ್ಳಾಕತ್ತೀನಿ."

ಅವನು ಸುಳ್ಳು ಹೇಳಬಹುದಿತ್ತು. ಜಾರಿತು ಅಂದಿದ್ದರೆ ಸಾಕಿತ್ತು. ಹೇಳಲಿಲ್ಲವೆಂಬುದೇ ಗೋಪಮ್ಮನ ಮನಸ್ಸಿಗೆ ತಟ್ಟಿತು. ಮರುದಿನ ಆಕೆ ಕೆಂಡಕ್ಕೆ ಕೈ ಚಾಚಿದಳು.

ಭಾದ್ರಪದದಲ್ಲಿ ಹಿಂದುಸ್ತಾನದ ಫೌಜು ಬಂತು. ನಾಲ್ಕೈದು ದಿನಗಳಲ್ಲಿ ನಿಜಾಮರ ರಾಜ್ಯ ಮುಗಿಯಿತೆಂದರು. ಆ ವರ್ಷವಿಡೀ ನಿಜಾಮರ ಪರವಾಗಿ ಕತ್ತಿ ಹಿಡಿದ ರಜಾಕಾರರ ಹೆಸರು ಕೇಳಿದರೆ ಊರುಗಳು ಬಾಗಿಲು ಹಾಕಿಕೊಳ್ಳುತ್ತಿದ್ದವು. ಸುಟ್ಟ ಬಣವೆಗಳು, ಓಡಿಹೋದ ಮನೆಗಳು ಎಲ್ಲ ಕಡೆ ಇದ್ದವು. ಈಗ ದೇವದುರ್ಗದ ಕಚೇರಿಯ ಮೇಲೆ ಬೇರೆ ಬಾವುಟ ಏರಿತು. ಜನ ನಕ್ಕರು, ಅತ್ತರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅದರ ಹಿಂದೆಯೇ ಇನ್ನೊಂದು ಬಗೆಯ ದಿನಗಳು ಬಂದವು. ಎಷ್ಟೋ ದಿನ ಬಾಯಿ ಮುಚ್ಚಿಕೊಂಡಿದ್ದವರೆಲ್ಲ ಒಟ್ಟಿಗೇ ಮಾತನಾಡತೊಡಗಿದರು. ಊರೂರಿನಲ್ಲಿ ಸಭೆಗಳು ನಡೆದವು. ಯಾರ ಮನೆಯಲ್ಲಿ ಯಾರು ಸತ್ತರು, ಯಾರಿಂದ ಸತ್ತರು ಎಂದು ಬರೆದುಕೊಳ್ಳುವವರು ಬಂದರು.

ಹಂಪಣ್ಣನ ಅಣ್ಣ ತಾಯಪ್ಪ ಒಂದು ದಿನ ಅಂಥವರ ಜೊತೆಗೇ ಮನೆಗೆ ಬಂದ. ತಾಯಪ್ಪ ಕೆಟ್ಟವನಲ್ಲ. ಜೀವನವಿಡೀ ಗೌಡರ ಪಡಸಾಲೆಯ ಕೆಳಗೆ ನಿಂತೇ ಮಾತನಾಡಿದವನು. ಈಗ ಅವನನ್ನು ಕೂರಿಸಿ ಕೇಳುವವರು ಸಿಕ್ಕಿದ್ದರು. ಜೊತೆಯಲ್ಲಿದ್ದವರು ವೆಂಕೋಬರಾಯರು, ರಾಯಚೂರಿನ ವಕೀಲರು. ಖಾದಿ ಅಂಗಿ, ನಿದ್ದೆಗೆಟ್ಟ ಕಣ್ಣು. ಅವರ ಬೆನ್ನಿಗೆ ಹುಟ್ಟಿದ ತಮ್ಮನನ್ನು ಆ ಬೇಸಿಗೆಯಲ್ಲಿ ಗಡಿಯ ಹತ್ತಿರ ರಜಾಕಾರರು ಕಡಿದು ಹಾಕಿದ್ದರು. ತಲೆಯೊಂದೇ ಸಿಕ್ಕಿತ್ತಂತೆ.

ಅವರು ಗೋಪಮ್ಮನ ಮುಂದೆ ನೆಲದ ಮೇಲೇ ಕುಳಿತರು. "ತಂಗೀ, ನಿನ್ನ ಗಂಡ ಹ್ಯಾಂಗ ಸತ್ತ, ಹೇಳು."

"ಹರಗೋಲು ಮುಗಿಚಿತ್ರೀ ಯಪ್ಪಾ."

"ಜೋಡಿ ಯಾರಿದ್ದರು?"

"ಮೌಲಾಲಿ."

"ಅವಾ ಉಳದಾನ."

"ಹೂಂ ರೀ. ಅವಾ ಕೈ ಹಿಡದಿದ್ದ. ಹೊಳಿ ಸೆಳವು ಭಾಳ ಇತ್ತು."

ರಾಯರು ತಾಯಪ್ಪನ ಕಡೆ ನೋಡಿದರು. ತಾಯಪ್ಪ ಹೇಳಿದ. "ಅವತ್ತು ದಂಡಿ ಮ್ಯಾಲೆ ಈಕಿ ಏನಂದಳು ಅನ್ನೂದು ಹತ್ತು ಮಂದಿ ಕೇಳ್ಯಾರ ರೀ."

"ಏನಂದಿ ತಂಗೀ?"

ಗೋಪಮ್ಮ ತಲೆ ತಗ್ಗಿಸಿದಳು. "ನೀನಽ ಕೊಂದಿ ಅಂದೆ ರೀ. ಆದ್ರ ಅದು ಸಂಕಟದಾಗ ಅಂದದ್ದು. ಹೊಳಿಗೂ ಅಂದೆ, ನನ್ನ ಗಂಡಗೂ ಅಂದೆ."

ವೆಂಕೋಬರಾಯರ ಕಣ್ಣು ತುಂಬಿ ಬಂತು. ಅವರು ನಟಿಸುತ್ತಿರಲಿಲ್ಲ, ಗೋಪಮ್ಮನಿಗೆ ಅದು ಚೆನ್ನಾಗಿ ಗೊತ್ತಾಯಿತು. "ಸಂಕಟದಾಗ ಮನುಷ್ಯಾ ಸುಳ್ಳು ಹೇಳಂಗಿಲ್ಲ ತಂಗೀ," ಅಂದರು. "ಸುಳ್ಳು ಹೇಳೂದು ಆಮ್ಯಾಲೆ. ಅಂಜಿಕಿ ಹುಟ್ಟಿದ ಮ್ಯಾಲೆ. ನೀ ಈಗ ಅವರ ಗ್ವಾಡಿ ಬಾಜೂಕ ಇದ್ದಿ. ಅಂಜಬ್ಯಾಡ, ಇನ್ನ ಅಂಜೂ ಕಾಲ ಹೋತು."

ಅವರು ಕಾಗದದ ಮೇಲೆ ಬರೆದುಕೊಂಡರು. ಆಕೆ ಮೊದಲು ಹೇಳಿದ್ದನ್ನಲ್ಲ, ದಂಡೆಯ ಮೇಲೆ ಕೂಗಿದ್ದನ್ನು.

ದಸರೆ ಕಳೆದ ವಾರ ದೇವದುರ್ಗದಲ್ಲಿ ಸಭೆ. ತಾಯಪ್ಪನ ಹೆಂಡತಿ ಶೇಖಮ್ಮ ತನ್ನ ಇಲಕಲ್ ಸೀರೆ ಕೊಟ್ಟು ಗೋಪಮ್ಮನಿಗೆ ಉಡಿಸಿದಳು. "ದೊಡ್ಡ ಮಂದಿ ಮುಂದ ಕುಂದ್ರೂದು ಅದ, ಹರಕ ಉಟಗೊಂಡು ಹೋಗ್ತಿಯೇನ ಬೇ?" ಏನು ಮಾಡಬೇಕೆಂದು ಗೋಪಮ್ಮ ಕೇಳಿದ್ದಕ್ಕೆ ಏನೂ ಮಾಡಬೇಡ, ಸುಮ್ಮನೆ ಕೂತಿರು ಅಂದರು. ಸಂತೆಕಟ್ಟೆಯ ಮೇಲೆ ಜಮಖಾನೆ ಹಾಸಿ ಆಕೆಯನ್ನು ಕೂರಿಸಿದರು. ಅಷ್ಟೊಂದು ಮುಖಗಳು ಒಟ್ಟಿಗೇ ತನ್ನ ಕಡೆ ತಿರುಗಿದ್ದನ್ನು ಆಕೆ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ರಾಯರು ನಿಂತು ಹಂಪಣ್ಣನ ಬಗ್ಗೆ ಮಾತನಾಡಿದರು. ಅವನ ತೋಳಿನ ಬಲ, ಎತ್ತು ಕೆಡವುವ ಚಾಕಚಕ್ಯತೆ, ಅವನು ಹೆಂಡತಿಗೆ ಸಂತೆಯಿಂದ ತರುತ್ತಿದ್ದ ಬೆಂಡು ಬತ್ತಾಸು. ಇದೆಲ್ಲ ತಾಯಪ್ಪ ಹೇಳಿಕೊಟ್ಟಿದ್ದು, ಎಲ್ಲವೂ ನಿಜ. ಬೆಂಡು ಬತ್ತಾಸಿನ ಮಾತು ಬಂದ ಕೂಡಲೇ ಗೋಪಮ್ಮನಿಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟು ಬಿಕ್ಕತೊಡಗಿದಳು. ಆಕೆ ಅಳುತ್ತಿರುವಾಗಲೇ ರಾಯರು ಹೊಳೆಯ ಮಾತಿಗೆ ಬಂದರು, ಕೈ ಬಿಟ್ಟವನ ಮಾತಿಗೆ ಬಂದರು. ಮೌಲಾಲಿಯ ಹೆಸರು ಅವರ ಬಾಯಿಂದ ಬಂದಾಗ ಆಕೆ ಇನ್ನೂ ಅಳುತ್ತಲೇ ಇದ್ದಳು. ಮುಂದೆ ಕುಳಿತ ಹೆಣ್ಣುಮಕ್ಕಳೂ ಅತ್ತರು. ಹಿಂದಿದ್ದ ಗಂಡಸರ ನಡುವಿನಿಂದ ಬೇರೆಯೇ ಒಂದು ಸದ್ದು ಎದ್ದಿತು. ಗೋಪಮ್ಮ ತಲೆ ಎತ್ತಿ ನೋಡಿದಳು. ಆ ಸದ್ದು ಏನೆಂದು ಆಕೆಗೆ ತಿಳಿಯಲು ಮರುದಿನದವರೆಗೆ ಕಾಯಬೇಕಾಯಿತು.

ಮರುದಿನ ಮಧ್ಯಾಹ್ನ ಮೂವತ್ತು ನಲವತ್ತು ಜನ ಬಂದು ಮೌಲಾಲಿಯನ್ನು ಮನೆಯಿಂದ ಎಳೆದರು. ಅವನು ಲಾಳ ಬಡಿಯುವ ಅಡಿಗಲ್ಲನ್ನು ಬಾವಿಗೆ ಹಾಕಿದರು. ಬಂದವರಲ್ಲಿ ಅರ್ಧ ಜನರ ಎತ್ತುಗಳಿಗೆ ಲಾಳ ಕಟ್ಟಿದವನು ಅವನೇ. ಗೋಪಮ್ಮ ನಡುವೆ ನುಗ್ಗಿದಳು. "ಬಿಡ್ರೋ ಯಪ್ಪಾ, ಅವಂದೇನೂ ತಪ್ಪಿಲ್ಲ, ಬಿಡ್ರೋ!" ಆಕೆಯ ಕೂಗಿನಲ್ಲಿ ಅಳು ಬೆರೆತಿತ್ತು. ಅದನ್ನು ಕೇಳಿ ಒಬ್ಬ ಪಡ್ಡೆ ಹುಡುಗ ಹಲ್ಲು ಕಚ್ಚಿ ಅಂದ, "ನೋಡ್ರೋ, ಎಷ್ಟು ಸಂಕಟ ಕೊಟ್ಟಾನ ಈಕಿಗೆ!" ಮತ್ತೆರಡು ಏಟು ಬಿದ್ದವು. ತಾಯಪ್ಪ ಆಕೆಯನ್ನು ಎತ್ತಿಕೊಂಡಂತೆ ಒಳಗೆ ಒಯ್ದ. ಮೌಲಾಲಿ ಸಾಯಲಿಲ್ಲ. ಹೊತ್ತು ಮುಳುಗುವ ಮುಂಚೆ ಅವನನ್ನು ಗಾಡಿಯಲ್ಲಿ ಹಾಕಿ ಠಾಣೆಗೆ ಒಪ್ಪಿಸಿದರು. ಅಲ್ಲಿಂದ ರಾಯಚೂರಿನ ಜೈಲಿಗೆ ಕಳಿಸಿದರು ಎಂದು ಎರಡು ದಿನದ ಮೇಲೆ ಗೊತ್ತಾಯಿತು.

ನೂರ್ ಬೀ ಗೋಡೆಯ ಹತ್ತಿರ ಬಂದು ನಿಂತಳು. ಕೆಂಡ ಕೊಡಲು ಅಲ್ಲ. "ಒಂದು ಮಾತು ಹೇಳು ಗೋಪೀ. ನೀ ಒಬ್ಬಾಕಿನಽ ಹತ್ತಿರದಿಂದ ನೋಡಿದಾಕಿ."

"ಹೇಳೀನಿ, ನೂರಕ್ಕ. ಹೇಳಿದ್ರ ಯಾರೂ ಕೇಳಾಕತ್ತಿಲ್ಲ."

"ಮಂದಿ ಮುಂದ ಅಳಾಕ ಬರ್ತದ, ಮಂದಿ ಮುಂದ ಹೇಳಾಕ ಬರಂಗಿಲ್ಲೇನು?"

ಆ ಮಾತು ಗೋಪಮ್ಮನಿಗೆ ಚುಚ್ಚಿತು. ಆಕೆ ತಾಯಪ್ಪನಿಗೆ ಹೇಳಿದಳು, ಮುಂದಿನ ಸಭೆ ಎಲ್ಲಿದ್ದರೂ ನಾನು ಬರುತ್ತೇನೆ, ಆದರೆ ಈ ಸಲ ನಾನೇ ಮಾತನಾಡುತ್ತೇನೆ. ತಾಯಪ್ಪ ರಾಯರಿಗೆ ಹೇಳಿ ಕಳಿಸಿದ. ರಾಯರಿಗೆ ಸಂತೋಷವೇ ಆಯಿತು. ಮಾನ್ವಿಯ ಸಭೆಗೆ ಕರೆತರಲು ಹೇಳಿದರು.

ಮಾನ್ವಿಗೆ ಹೋಗುವ ಮೋಟಾರು ಇದ್ದಿಲ ಹೊಗೆಯಿಂದ ಓಡುವಂಥದು. ಏರು ಬಂದಾಗ ಎಲ್ಲರನ್ನೂ ಇಳಿಸಿ ನೂಕಿಸುತ್ತಿದ್ದರು. ದಾರಿಯ ಎರಡೂ ಕಡೆ ಬಿಳಿಜೋಳ ಮೊಣಕಾಲೆತ್ತರ ಎದ್ದಿತ್ತು. ಗೋಪಮ್ಮ ಕಿಟಕಿಗೆ ತಲೆ ಆನಿಸಿ ತಾನು ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿದಳು. ಹರಗೋಲಿಗೆ ಮರದ ಬುಡ ಬಡಿಯಿತು. ಹರಗೋಲು ಮುಗಿಚಿತು. ಮೌಲಾಲಿ ನನ್ನ ಗಂಡನ ಕೈ ಹಿಡಿದಿದ್ದ. ಅವನು ಉಳಿಸಲು ನೋಡಿದ, ಆಗಲಿಲ್ಲ. ಅವನನ್ನು ಬಿಡಿರಿ. ಐದೇ ಮಾತು. ಬೆರಳು ಮಡಚಿ ಮಡಚಿ ಹೇಳಿಕೊಂಡಳು.

ಮಾನ್ವಿಯಲ್ಲಿ ದೇವದುರ್ಗದ ನಾಲ್ಕು ಪಟ್ಟು ಜನ. ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ಆಕೆಗಿಂತ ಮುಂಚೆ ಮೂರು ನಾಲ್ಕು ಮಂದಿ ಮಾತನಾಡಿದರು. ಒಬ್ಬನ ಮನೆ ಸುಟ್ಟಿತ್ತು. ಒಬ್ಬನ ಅಪ್ಪನನ್ನು ಬೇವಿನ ಮರಕ್ಕೆ ಕಟ್ಟಿ ಹೊಡೆದಿದ್ದರು. ಅವೆಲ್ಲ ನಿಜವಾದ ನೋವುಗಳು. ಕೇಳುತ್ತ ಕೇಳುತ್ತ ಗೋಪಮ್ಮನ ಎದೆ ಆಗಲೇ ಭಾರವಾಗಿತ್ತು. ರಾಯರು ಆಕೆಯನ್ನು ಕರೆದು, ಜನರಿಗೆ ಸುಮ್ಮನಿರಲು ಕೈಸನ್ನೆ ಮಾಡಿ, ತಾವು ಪಕ್ಕಕ್ಕೆ ಸರಿದು ನಿಂತರು. ಅವರು ಆಕೆಯ ಬಾಯಿಗೆ ಒಂದು ಮಾತನ್ನೂ ತುರುಕಲಿಲ್ಲ.

ಗೋಪಮ್ಮ ನಿಂತಳು. ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ಆಕೆಯನ್ನು ನೋಡುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಹರಗೋಲಿಗೆ..." ಅಂದಳು ಗೋಪಮ್ಮ. ದನಿ ತನ್ನದಲ್ಲವೆನ್ನಿಸಿತು. "ನನ್ನ ಗಂಡ ಬರಾಕತ್ತಿದ್ದ. ಬಿಳಿ ರುಮಾಲ ಸುತ್ತಿದ್ದ. ನಾ ದಂಡಿ ಮ್ಯಾಲೆ..."

ರುಮಾಲಿನ ಮಾತು ಬಾಯಿಪಾಠದಲ್ಲಿ ಇರಲಿಲ್ಲ. ಅದು ಎಲ್ಲಿಂದ ಬಂತೋ. ಅದು ಬಂದ ಕೂಡಲೇ ಉಳಿದದ್ದೆಲ್ಲ ಹೋಯಿತು. ಆಕೆ ಉಗುಳು ನುಂಗಿದಳು, ಮತ್ತೆ ಬಾಯಿ ತೆರೆದಳು. "ಮೌಲಾಲಿ... ಕೈ..." ಅಷ್ಟೇ. ಮುಂದಿನದು ಅಳುವಾಗಿ ಬಂತು. ಸಾವಿರ ಜನ ಆ ಎರಡು ಮಾತನ್ನು ಎತ್ತಿಕೊಂಡರು. ಅವುಗಳ ನಡುವೆ ಏನಿರಬೇಕೆಂಬುದನ್ನು ತಾವೇ ತುಂಬಿಕೊಂಡರು. ಘೋಷ ಎದ್ದಿತು. ಆಕೆ ಎರಡೂ ಕೈ ಅಲ್ಲಾಡಿಸಿ ಇಲ್ಲ, ಇಲ್ಲ ಎಂದು ಕೂಗಿದಳು. ಹತ್ತಿರವಿದ್ದ ರಾಯರಿಗೂ ಅದು ಕೇಳಿಸಲಿಲ್ಲ. ಗಂಡನನ್ನು ನೆನೆಸಿಕೊಂಡು ಮೈಮರೆತ ಹೆಂಗಸು ಕೈ ಬಡಿದುಕೊಳ್ಳುತ್ತಿರುವುದಷ್ಟೇ ಎಲ್ಲರಿಗೂ ಕಂಡಿತು.

ಕಟ್ಟೆಯಿಂದ ಇಳಿದಾಗ ಆ ಮುದುಕಿ ಬಂದು ಆಕೆಯನ್ನು ತಬ್ಬಿಕೊಂಡಳು. ಹೆಸರು ಬಂಡೆಮ್ಮ, ಬಾಗಲವಾಡದವಳು. ಅವಳ ಒಬ್ಬನೇ ಮಗನನ್ನು ಆ ಚೈತ್ರದಲ್ಲಿ ಹೊಲದಲ್ಲೇ ಕೊಂದಿದ್ದರು. "ನನಗ ಬಾಯಿ ಇಲ್ಲವ್ವಾ. ನನ್ನ ಹೊಟ್ಯಾಗಿಂದು ನೀನಽ ತಗದು ಹೇಳಿದಿ," ಎಂದು ಬಂಡೆಮ್ಮ ಆಕೆಯ ಭುಜದ ಮೇಲೆ ಅತ್ತಳು. ಗೋಪಮ್ಮನೂ ಅವಳನ್ನು ಬಿಗಿದು ಹಿಡಿದಳು. ಆ ಗಳಿಗೆಯಲ್ಲಿ ಇಬ್ಬರಿಗೂ ಬೇರೆ ಯಾರೂ ಬೇಕಾಗಿರಲಿಲ್ಲ.

ಅಳು ಇಳಿದ ಮೇಲೆ ಗೋಪಮ್ಮ ಅವಳ ಕಿವಿಯ ಹತ್ತಿರ ಹೇಳಿದಳು. "ಯವ್ವಾ, ನನ್ನ ಗಂಡನ್ನ ಯಾರೂ ಕೊಂದಿಲ್ಲ. ಹೊಳಿಗೆ ಹೋದ. ಆ ಮೌಲಾಲಿ ಉಳಸಾಕ ನೋಡಿದಾವ. ನಾ ಅದನ್ನಽ ಹೇಳಾಕ ಬಂದಿದ್ದೆ. ಬರಲಿಲ್ಲ."

ಬಂಡೆಮ್ಮ ಹಿಂದೆ ಸರಿದು ಆಕೆಯ ಮುಖ ನೋಡಿದಳು. ಕೋಪಗೊಳ್ಳಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇರಲಿ ಬಿಡು ಬೇ," ಅಂದಳು. "ನನ್ನ ಮಗನ್ನ ಕೊಂದವರು ಎಲ್ಲಿ ಹೋದರೋ, ಒಬ್ಬನೂ ಸಿಗಲಿಲ್ಲ. ಇವಾ ಒಬ್ಬಾವಾದ್ರೂ ಸಿಕ್ಕಾನ."

ಬಂಡೆಮ್ಮ ತನ್ನ ಬುತ್ತಿಯಿಂದ ಅರ್ಧ ರೊಟ್ಟಿ ಮುರಿದು ಕೊಟ್ಟಳು. ಇಬ್ಬರೂ ಗಾಡಿಯ ನೆರಳಿನಲ್ಲಿ ಕುಳಿತು ತಿಂದರು.

ಮನೆಗೆ ಬಂದ ಗೋಪಮ್ಮ ಒಂದು ನಿರ್ಧಾರ ಮಾಡಿದಳು. ಸಭೆ ಬೇಡ. ಜನ ಬೇಡ. ನೇರವಾಗಿ ರಾಯಚೂರಿನ ಕಚೇರಿಗೆ ಹೋಗಿ ಒಬ್ಬ ಸಾಹೇಬನ ಮುಂದೆ ಹೇಳಬೇಕು. ಮತ್ತು ಅಳಬಾರದು. ಒಂದು ಹನಿಯೂ ಬರಬಾರದು.

ಪುಷ್ಯದ ಚಳಿಯಲ್ಲಿ ತಾಯಪ್ಪನಿಗೆ ಹೇಳದೆ ನೂರ್ ಬೀಯ ಜೊತೆ ಹೊರಟಳು. ಅರ್ಧ ದಾರಿ ನಡೆದು, ಅರ್ಧ ದಾರಿ ಶೇಂಗಾ ಚೀಲಗಳ ಗಾಡಿಯಲ್ಲಿ ಕುಳಿತು ಹೋದರು. ದಾರಿಯುದ್ದಕ್ಕೂ ಗೋಪಮ್ಮ ಗಂಡನ ಬಗ್ಗೆ ಯೋಚಿಸದಂತೆ ಮನಸ್ಸನ್ನು ಬಿಗಿಹಿಡಿದಳು. ಬಿಳಿ ರುಮಾಲು ನೆನಪಿಗೆ ಬಂದರೆ ಕೂಡಲೇ ಬೇರೇನನ್ನಾದರೂ ಎಣಿಸುತ್ತಿದ್ದಳು. ಎತ್ತಿನ ಕೊರಳ ಗೆಜ್ಜೆ, ರಸ್ತೆಯ ಬದಿಯ ಕಲ್ಲು. ರಾಯಚೂರಿನಲ್ಲಿ ಮೊದಲ ದಿನ ಸಾಹೇಬರು ಸಿಗಲಿಲ್ಲ. ಎರಡನೆಯ ದಿನವೂ ಇಲ್ಲ. ಕೋಟೆ ಗೋಡೆಯ ಪಕ್ಕದ ಒಂದು ಛತ್ರದಲ್ಲಿ ಇಬ್ಬರೂ ಮಲಗಿದರು. ಜೈಲಿನ ಬಾಗಿಲ ತನಕ ಹೋಗಿ ಬಂದರು, ಮೌಲಾಲಿಯನ್ನು ತೋರಿಸಲಿಲ್ಲ. ಮೂರನೆಯ ದಿನ ಕರೆದರು.

ಸಾಹೇಬರು ಹೊಸಬರು, ಬೇರೆ ಸೀಮೆಯವರು. ಕನ್ನಡ ಅಷ್ಟಕ್ಕಷ್ಟೇ. ಪಕ್ಕದಲ್ಲಿ ಕುಳಿತ ಪೇಶಕಾರ ತರ್ಜುಮೆ ಮಾಡಿ ಬರೆದುಕೊಳ್ಳುತ್ತಿದ್ದ. "ಬಯಾನು ಕೊಡಾಕ ಬಂದೀಯೇನು? ಹೇಳು."

ಗೋಪಮ್ಮ ಹೇಳಿದಳು. ಹರಗೋಲಿಗೆ ಮರದ ಬುಡ ಬಡಿಯಿತು. ಹರಗೋಲು ಮುಗಿಚಿತು. ಮೌಲಾಲಿ ನನ್ನ ಗಂಡನ ಕೈ ಹಿಡಿದಿದ್ದ. ಉಳಿಸಲು ನೋಡಿದ, ಆಗಲಿಲ್ಲ. ಅವನನ್ನು ಬಿಡಿರಿ. ಐದೂ ಮಾತು ಸಾಲಾಗಿ ಬಂದವು. ಒಂದೂ ತಪ್ಪಲಿಲ್ಲ. ಕಣ್ಣು ಒಣಗಿಯೇ ಇತ್ತು. ಹೇಳಿ ಮುಗಿಸಿದಾಗ ಆಕೆಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು.

ಪೇಶಕಾರ ಸಾಹೇಬರ ಕಡೆ ಬಾಗಿ ಏನೋ ಹೇಳಿದ. ಸಾಹೇಬರು ಒಂದು ಕಡತ ತೆಗೆಸಿದರು. ಅದರಲ್ಲಿ ದೇವದುರ್ಗದ ಸಭೆಯ, ಮಾನ್ವಿಯ ಸಭೆಯ ವರದಿಗಳಿದ್ದವು. ಪೇಶಕಾರ ಕೇಳಿದ. "ಮಾನ್ವಿಯೊಳಗ ಸಾವಿರ ಮಂದಿ ಮುಂದ ಮಾತು ಹೊರಡದಂಗ ಅತ್ತಿಯಂತ. ಖರೇ ಏನು?"

"ಖರೇ ರೀ."

"ಇಲ್ಲಿ ಗಂಡ ಸತ್ತದ್ದನ್ನ ಹೇಳುವಾಗ ಕಣ್ಣಾಗ ಒಂದು ಹನಿ ಇಲ್ಲ. ಸಾಲಿ ಹುಡುಗರು ಮಗ್ಗಿ ಒಪ್ಪಿಸಿದಂಗ ಒಪ್ಪಿಸಿದಿ. ಯಾರು ಕಲಿಸಿ ಕಳಿಸಿದರು?"

"ಯಾರೂ ಇಲ್ರೀ ಯಪ್ಪಾ. ಅತ್ತರ ಹೇಳಾಕ ಬರಂಗಿಲ್ಲ ಅಂತ ನಾನಽ ತಡಕೊಂಡೀನಿ."

"ಹೊರಗ ನಿಂತಾಕಿ ಯಾರು?"

ಗೋಪಮ್ಮ ಬಾಗಿಲ ಕಡೆ ತಿರುಗಿದಳು. ನೂರ್ ಬೀ ಕಂಬಕ್ಕೆ ಒರಗಿ ನಿಂತಿದ್ದಳು. "ಮೌಲಾಲಿ ಹೆಂಡ್ತಿ ರೀ."

ಪೇಶಕಾರ ಪೆನ್ನು ಕೆಳಗಿಟ್ಟ. ಸಾಹೇಬರು ಕೆಟ್ಟವರಂತೆ ಕಾಣಲಿಲ್ಲ. ಅವರು ಕನಿಕರದಿಂದಲೇ ಆಕೆಯನ್ನು ನೋಡಿ ಹಿಂದಿಯಲ್ಲಿ ಏನೋ ಅಂದರು. ಪೇಶಕಾರ ತರ್ಜುಮೆ ಮಾಡಿದ. "ಸಾಹೇಬರು ಹೇಳ್ತಾರ, ನಿನ್ನ ಮ್ಯಾಲೆ ಯಾರೂ ಜಬರದಸ್ತಿ ಮಾಡದಂಗ ನೋಡ್ಕೊಳ್ಳಾಕ ಊರಿಗೆ ಹುಕುಂ ಕಳಿಸ್ತೀವಿ. ನೀ ಅಂಜಬ್ಯಾಡ."

ಆಗ ಗೋಪಮ್ಮನಿಗೆ ಅಳು ಬಂತು. ಮೂರು ದಿನದಿಂದ ಕಟ್ಟಿ ಹಾಕಿದ್ದೆಲ್ಲ ಒಮ್ಮೆಗೇ ಕಿತ್ತುಕೊಂಡು ಬಂತು. ಆಕೆ ಮೇಜಿನ ಅಂಚು ಹಿಡಿದು ಕುಸಿದಳು. "ಅಂಜಿಕಿ ಅಲ್ರೀ, ನಾ ಅಂಜಿಲ್ರೀ," ಎಂದು ಬಿಕ್ಕುತ್ತ ಹೇಳಿದಳು. ಸಾಹೇಬರು ಪೇಶಕಾರನ ಕಡೆ ನೋಡಿ ತಲೆ ಆಡಿಸಿದರು. ಪೇಶಕಾರ ಮತ್ತೆ ಪೆನ್ನು ಎತ್ತಿಕೊಂಡು ಒಂದು ಸಾಲು ಬರೆದ. ಬರೆದುಕೊಂಡ ಬಯಾನಿನ ಕೆಳಗೆ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡರು. ಆ ಸಾಲಿನಲ್ಲಿ ಏನಿತ್ತೆಂದು ಆಕೆಗೆ ಗೊತ್ತಾಗಲಿಲ್ಲ. ಕೇಳಿದ್ದಕ್ಕೆ, ನಿನ್ನ ಕಣ್ಣೀರು ನಿಜ ಹೇಳಿತು ಎಂದು ಬರೆದಿದ್ದೇನೆ ಅಂದ.

ವಿಷಯ ತಿಳಿದು ವೆಂಕೋಬರಾಯರು ಛತ್ರಕ್ಕೆ ಹುಡುಕಿಕೊಂಡು ಬಂದರು. ನೂರ್ ಬೀ ಎದ್ದು ಮಾತು ಕಿವಿಗೆ ಬೀಳುವಷ್ಟು ಆಚೆ ಹೋಗಿ ನಿಂತಳು. ರಾಯರು ಗೋಪಮ್ಮನ ಎದುರು ಕುಳಿತರು. ಆ ದಿನ ಅವರು ತೀರ ದಣಿದಿದ್ದರು.

"ಖರೇನಽ ಅವಾ ಕೊಂದಿಲ್ಲೇನು?" ಎಂದು ಮೊದಲ ಸಲ ಕೇಳಿದರು.

"ಇಲ್ರೀ. ನಿಮ್ಮ ಪಾದದಾಣಿ."

"ಅವಾ ಕೈ ಬಿಡಲಿಲ್ಲ, ಹೌದಲ್ಲ?"

ಗೋಪಮ್ಮ ಹೌದು ಅನ್ನಬೇಕಿತ್ತು. ಬಾಯಿ ತೆರೆದಳು. ಆದರೆ ಮೌಲಾಲಿ ತಾನೇ ಹೇಳಲಾಗದ ಮಾತನ್ನು ಆಕೆಗೂ ಹೇಳಲಾಗಲಿಲ್ಲ. "ಗೊತ್ತಿಲ್ರೀ," ಅಂದಳು. "ಅವಗೂ ಗೊತ್ತಿಲ್ಲಂತ."

ರಾಯರ ಮುಖ ಬಿಗಿದುಕೊಂಡಿತು. "ನನ್ನ ತಮ್ಮನ ಜೋಡಿ ಇದ್ದವರೂ ಗೊತ್ತಿಲ್ಲ ಅಂದರು," ಎಂದು ಎದ್ದು ನಿಂತರು. ಬಾಗಿಲ ಹತ್ತಿರ ಒಂದು ಗಳಿಗೆ ತಡೆದರು. "ನಾ ಕೆಟ್ಟಾವ ಅಲ್ಲ ತಂಗೀ. ಆದ್ರ ನನಗ ಈಗ ಯಾರನ್ನೂ ಮಾಫ್ ಮಾಡಾಕ ಆಗಾಕತ್ತಿಲ್ಲ." ಆಮೇಲೆ ಹೋದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಗೋಪಮ್ಮ ಪ್ರಯತ್ನಿಸಿದಳು, ಆಗಲಿಲ್ಲ.

ಊರಿಗೆ ಮರಳುವಾಗ ನೂರ್ ಬೀ ಮುಂದೆ ಮುಂದೆ ನಡೆದಳು. ಕಡೆಗೆ ಒಂದು ಬಾವಿಯ ಹತ್ತಿರ ಕುಳಿತಾಗ ಕೇಳಿದಳು, "ಹೌದು ಅಂದಿದ್ರ ಏನು ಹೋಗ್ತಿತ್ತು ಗೋಪೀ?" ಏನೂ ಹೋಗುತ್ತಿರಲಿಲ್ಲವೆಂದು ಗೋಪಮ್ಮನಿಗೂ ಅನ್ನಿಸುತ್ತಿತ್ತು. ಆ ಒಂದು ಮಾತನ್ನು ಆಕೆ ಮುಂದೆ ಎಷ್ಟೋ ದಿನ ಹೊಲದಲ್ಲಿ, ಒಲೆಯ ಮುಂದೆ, ನೀರಿನ ದಾರಿಯಲ್ಲಿ ಗಟ್ಟಿಯಾಗಿ ಹೇಳಿ ನೋಡಿದಳು. ಹೌದ್ರೀ, ಬಿಡಲಿಲ್ರೀ. ಕೇಳಬೇಕಾದವರು ಇಲ್ಲದ ಕಡೆ ಅದು ಸಲೀಸಾಗಿ ಬರುತ್ತಿತ್ತು.

ಮೌಲಾಲಿಯ ಮೇಲೆ ಮೊಕದ್ದಮೆ ನಡೆಯಲೇ ಇಲ್ಲ. ಬೇಸಿಗೆ ಕಾಲಿಡುವಾಗ, ಜೈಲು ತುಂಬಿ ಜಾಗವಿಲ್ಲದಾಗ, ಇಂಥವರನ್ನು ಗುಂಪಾಗಿ ಬಿಟ್ಟರು. ಅವನನ್ನು ಬಿಟ್ಟದ್ದು ನಿರಪರಾಧಿಯೆಂದೂ ಅಲ್ಲ, ಅಪರಾಧಿಯೆಂದೂ ಅಲ್ಲ. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಸುತ್ತಿಗೆ ಹಿಡಿಯಲು ಬಾರದು. ಊರಿನಲ್ಲಿ ಯಾರೂ ಅವನನ್ನು ಹೊಡೆಯಲಿಲ್ಲ, ಯಾರೂ ಮಾತನಾಡಿಸಲೂ ಇಲ್ಲ. ಎಂಟು ದಿನ ಇದ್ದು ನೋಡಿದ. ನೂರ್ ಬೀಯ ಅಕ್ಕ ಸರ್ವರಿ ಬೇಗಂ ರಾಯಚೂರಿನ ಆಚೆ ಮಟಮಾರಿಯಲ್ಲಿದ್ದಳು. ಅಲ್ಲಿಗೆ ಹೋಗುವುದೆಂದು ಗಾಡಿ ಗೊತ್ತು ಮಾಡಿದರು.

ಹೊರಡುವ ದಿನ ಗೋಪಮ್ಮ ಅವರ ಪಾತ್ರೆಗಳ ಗಂಟು ಹೊತ್ತು ಊರ ಹೊರಗಿನ ತನಕ ನಡೆದಳು. ದಾರಿಯ ಬಾಗಿಲುಗಳಲ್ಲಿ ಜನ ನಿಂತು ನೋಡಿದರು. ಮೌಲಾಲಿ ಗಾಡಿಯ ಹಿಂದೆ ಕುಳಿತ. ಆಕೆ ಏನಾದರೂ ಹೇಳಬಹುದೆಂದು ಕಾದ. ಆಕೆಗೂ ಹೇಳುವುದಿತ್ತು. ಆದರೆ ಬಾಯಿ ತೆರೆದರೆ ಏನು ಹೊರಗೆ ಬರುತ್ತದೆ, ನೋಡುವವರು ಅದನ್ನು ಏನೆಂದುಕೊಳ್ಳುತ್ತಾರೆ ಎಂಬ ಭಯದಲ್ಲಿ ಹಲ್ಲು ಕಚ್ಚಿಕೊಂಡು ನಿಂತಳು.

"ಬರ್ತೀನಿ ತಂಗೀ," ಅಂದ ಮೌಲಾಲಿ.

ಆಕೆ ತಲೆ ಆಡಿಸಿದಳು. ನೂರ್ ಬೀ ಗಂಟನ್ನು ಆಕೆಯ ತಲೆಯಿಂದ ಇಳಿಸಿಕೊಂಡು ಗಾಡಿಗೆ ಹಾಕಿದಳು. ಆಕೆಯ ಮುಖವನ್ನು ಒಮ್ಮೆ ನೋಡಿದಳು. ಅಲ್ಲಿ ಏನೂ ಕಾಣಲಿಲ್ಲವೇನೋ, ತಿರುಗಿ ಗಾಡಿ ಹತ್ತಿದಳು. ಎತ್ತುಗಳು ನಡೆದವು. ಧೂಳು ಇಳಿಯುವ ತನಕ ಗೋಪಮ್ಮ ಅಲ್ಲೇ ನಿಂತಿದ್ದಳು.

ಶೇಖಮ್ಮ ಕೊಡ ಹೊತ್ತು ನೀರಿಗೆ ಹೊರಟವಳು ಹತ್ತಿರ ಬಂದು ನಿಂತಳು. "ಕಲ್ಲಿನಂಗ ನಿಂತೀಯಲ್ಲ ಬೇ. ನಿನ್ನ ಗಂಡನ್ನ ತಿಂದಾವ ಹೋದ. ಈಗಾದ್ರೂ ಹೊಟ್ಟಿ ತಣ್ಣಗಾತೇನು?"

ಗೋಪಮ್ಮ ಮನೆಗೆ ಬಂದು ಕುಡುಗೋಲು ತೆಗೆದುಕೊಂಡು ಗೌಡರ ಹೊಲಕ್ಕೆ ಜೋಳ ಕೊಯ್ಯಲು ಹೋದಳು. ಕೂಲಿಯವರು ಆಗಲೇ ಅರ್ಧ ಸಾಲು ಮುಗಿಸಿದ್ದರು. ತಡವಾಗಿ ಬಂದದ್ದಕ್ಕೆ ಯಜಮಾನ ಬೈದ. ಆಕೆ ಸೆರಗು ಬಿಗಿದು ಕೊನೆಯ ಸಾಲಿಗೆ ಬಾಗಿದಳು.